ಅರಿಸಿನ ಹಚ್ಚದ ಲಕೋಟೆ

ಅದು ನವೆಂಬರ್ ಕೊನೆಯ ಭಾನುವಾರ. ಹೊರಗೆ ಮಳೆ ಹಿಡಿದುಕೊಂಡಿತ್ತು. ನಮ್ಮ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಎದುರು ಫ್ಲ್ಯಾಟಿನ ಅಕ್ಕ ಕಾರ್ಡಿಗೆ ಒತ್ತುವ ರಬ್ಬರ್ ಸೀಲು ಕೊರೆಯುತ್ತ ಕೂತಿದ್ದರು. ನಾನು ಎದುರಿಗೆ ಕೂತು ಕಾರ್ಡಿನ ದಪ್ಪ ಕಾಗದವನ್ನು ಮಡಿಸಿ, ಚಮಚದ ಬೆನ್ನಿನಿಂದ ಮಡಿಕೆ ತೀಡುತ್ತಿದ್ದೆ. ಪ್ರತಿ ವರ್ಷವೂ ಕ್ರಿಸ್‌ಮಸ್‌ಗೆ ಮುಂಚಿನ ಆ ದಿನಗಳಲ್ಲಿ ನಮ್ಮ ಮೇಜು ಅವರದಾಗುತ್ತಿತ್ತು. ಅವರ ಮನೆಯಲ್ಲಿ ಮೇಜಿರಲಿಲ್ಲ.

ಆ ವರ್ಷ ಅವರು ಕೊರೆಯುತ್ತಿದ್ದದ್ದು ರೈಲುಗಾಡಿ. ಒಂದು ಇಂಜಿನ್, ಎರಡು ಡಬ್ಬಿ, ಮೇಲೆ ಹೊಗೆ. ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಹಿಂದೆ ನಿಂತು ಬಗ್ಗಿ ನೋಡಿದಳು. ಮದರಾಸಿನಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

"ಇಪ್ಪೊ ಎಲ್ಲಾಮೇ ಡೀಸೆಲ್ ಇಂಜಿನ್, ಆಂಟಿ. ಪುಗೈ ಎಂಗೆ ವರುದು?" ಎಂದು ಹೊಗೆಯ ತಪ್ಪು ಹಿಡಿದಳು.

"ಹೊಗಿ ಇಲ್ದಿದ್ರ ನಮ್ಮವ್ವಗ ಅದು ಗಾಡಿ ಅಂತ ತಿಳಿಯಂಗಿಲ್ಲವಾ. ಇದನ್ನ ಕೊರದದ್ದು ಆಕಿಗೆ, ನಿನಗಲ್ಲ," ಅಂದರು ಅವರು, ತಲೆ ಎತ್ತದೆ.

ಸಂಜೆಯ ಹೊತ್ತಿಗೆ ಅವರ ತವರಿಗೆ ಹೋಗುವ ಕಾರ್ಡು ಮುಗಿಯಿತು. ಒಣಗಿಸಿ, ಲಕೋಟೆಗೆ ಹಾಕಿ, ವಿಳಾಸ ಬರೆದು ನನ್ನ ಮುಂದಿಟ್ಟರು. ಆ ಲಕೋಟೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದು ನನ್ನ ಕೆಲಸ. ನಾನು ಎದ್ದು ಅರಿಸಿನದ ಬಟ್ಟಲು ತಂದೆ.

"ಇವತ್ತ ಬ್ಯಾಡ್ರಿ. ಅಮಾಸಿ ಐತಿ."

"ಬೆಳಿಗ್ಗೆ ತಾನೇ ಚರ್ಚಿಗೆ ಹೋಗ್ಬಂದ್ರಲ್ಲಕ್ಕ, ನಿಮಗೆಂಥಾ ಅಮಾವಾಸ್ಯೆ?"

"ಚರ್ಚಿಗೆ ಹೋಗಾಕಿ ನಾ. ಕಾಗದ ತೊಗೊಳ್ಳಾಕಿ ನಮ್ಮವ್ವ. ನಾಳೆ ಆಫೀಸಿನಿಂದ ಬಂದ ಮ್ಯಾಲೆ ಹಚ್ಚೂಣು."

ಇಬ್ಬರೂ ನಕ್ಕೆವು. ಲಕೋಟೆಯನ್ನು ರೇಡಿಯೋ ಮೇಲಿಟ್ಟೆ. ಅವರು ಕೈಗೆ ಹತ್ತಿದ್ದ ನೇರಳೆ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಬಾಗಿಲು ದಾಟಿ ತಮ್ಮ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಬಸ್ಸಿಗೆ ನಿಂತಿದ್ದಾಗ ಅಲ್ಲೇ ಕುಸಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ತಮ್ಮ ವಿಷಯ ಯಾರಾದರೂ ಮಾತಾಡಿದರೆ ಅವರಿಗೆ ಸೇರುತ್ತಿರಲಿಲ್ಲ. ನಾನು ಅಕ್ಕ ಅನ್ನುತ್ತಿದ್ದೆ. ಅಣ್ಣಾ ನಗರದ ನಮ್ಮ ಫ್ಲ್ಯಾಟುಗಳ ಮಕ್ಕಳು 'ಸೀಲ್ ಆಂಟಿ' ಅನ್ನುತ್ತಿದ್ದರು.

ಅವರ ಗಂಡನದು ಮದರಾಸಿನ ಪ್ಯಾರಿಸ್ ಪೇಟೆಯ ಕಡೆ ಸೀಲು ಮಾಡಿಕೊಡುವ ಸಣ್ಣ ಅಂಗಡಿ ಇತ್ತು. ಆಫೀಸುಗಳಲ್ಲಿ ಒತ್ತುವ ರಬ್ಬರ್ ಸೀಲು. ತಮಿಳು ಕ್ರಿಶ್ಚಿಯನ್ನರು. ಅಕ್ಕ ಹುಬ್ಬಳ್ಳಿಯ ಒಂದು ವಿಮಾ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಾಗ ಆತ ಊರೂರು ತಿರುಗುತ್ತ ಅಲ್ಲಿಗೂ ಸೀಲಿನ ಆರ್ಡರ್ ತೆಗೆದುಕೊಳ್ಳಲು ಬರುತ್ತಿದ್ದರಂತೆ. ಅಕ್ಕನ ತವರು ಗದಗಿನ ಹತ್ತಿರ. ಅರಳೆ ವ್ಯಾಪಾರದ ಮನೆ, ನಮ್ಮ ಹಾಗೆಯೇ ಲಿಂಗ ಕಟ್ಟುವವರು. ಅವರು ಮದುವೆಯಾಗಿ, ದೀಕ್ಷಾಸ್ನಾನ ಪಡೆದು, ಮದರಾಸಿಗೆ ವರ್ಗ ಮಾಡಿಸಿಕೊಂಡು ಬಂದರು. ತವರಿನ ಬಾಗಿಲು ಅಂದಿಗೆ ಮುಚ್ಚಿತು. ಇಷ್ಟನ್ನೂ ಅವರು ಒಂದೇ ಸಲ ಕೂತು ಹೇಳಿದ್ದಲ್ಲ. ಹತ್ತು ವರ್ಷದಲ್ಲಿ ಚೂರು ಚೂರಾಗಿ ನನಗೆ ತಿಳಿದದ್ದು.

ಎಪ್ಪತ್ತರ ದಶಕದ ನಡುವೆ ನಮ್ಮವರಿಗೆ ಬ್ಯಾಂಕಿನಲ್ಲಿ ಮದರಾಸಿಗೆ ವರ್ಗವಾಗಿ ನಾವು ಬಂದಾಗ ಅಕ್ಕನ ಗಂಡ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸಾಮಾನು ಇಳಿಸುವಾಗ ನಾನು ನಮ್ಮವರಿಗೆ ಕನ್ನಡದಲ್ಲಿ ರೇಗಿದ್ದು ಅವರ ಕಿವಿಗೆ ಬಿದ್ದು, ಎದುರು ಬಾಗಿಲು ತೆರೆಯಿತು. "ಬರ್ರಿ, ಚಾ ಕುಡದು ಆಮ್ಯಾಲೆ ಜಗಳಾಡ್ರಿ. ಹಾಲು ಮಾಧವರಂ ಡೈರೀದು, ಬೆಳಿಗ್ಗೆ ನಸುಕಿನ್ಯಾಗ ಕ್ಯೂ ನಿಂತು ತಂದೀನಿ, ಕೆಡಸಬ್ಯಾಡ್ರಿ," ಎಂದರು. ಅವರು ನನಗೆ ಹೇಳಿದ ಮೊದಲ ಮಾತು ಇದು.

ಗಂಡನ ಅಂಗಡಿ ಮುಚ್ಚಿದಾಗ ಉಳಿದ ರಬ್ಬರ್ ಹಾಳೆ, ಮರದ ಹಿಡಿಗಳು, ತಗಡಿನ ಇಂಕ್ ಪ್ಯಾಡುಗಳು ಎಲ್ಲವನ್ನೂ ಅವರು ಮಂಚದ ಕೆಳಗೆ ಇಟ್ಟುಕೊಂಡಿದ್ದರು. ಗಿರಾಕಿಗಳು ಒಯ್ಯದೆ ಬಿಟ್ಟ ಸೀಲುಗಳೂ ಇದ್ದವು. ಅಂಥ ಹಿಡಿಯ ರಬ್ಬರನ್ನು ಕಿತ್ತು, ತಾವು ಕೊರೆದದ್ದನ್ನು ಅಂಟಿಸುತ್ತಿದ್ದರು. ಹಾಗಾಗಿ ಅವರ ನಕ್ಷತ್ರದ ಹಿಡಿಯ ಮೇಲೆ ಯಾವುದೋ ಮಾನೇಜರನ ಹೆಸರಿನ ಚೀಟಿ ಹಾಗೇ ಇತ್ತು. ದೇವದೂತನ ಹಿಡಿಯ ಮೇಲೆ 'ರದ್ದು' ಎಂದು ಇಂಗ್ಲಿಷಿನಲ್ಲಿ ಇತ್ತು. "ಪಾಪ, ಹಿಂದ ನೋಡಬ್ಯಾಡ್ರಿ, ಮುಂದ ನೋಡ್ರಿ," ಅನ್ನುತ್ತಿದ್ದರು.

ಕೊರೆಯಲು ಅವರು ಅರ್ಧ ಬ್ಲೇಡು ಮತ್ತು ಮುರಿದ ಛತ್ರಿಯ ಕಡ್ಡಿ ಬಳಸುತ್ತಿದ್ದರು. ಛತ್ರಿಯ ಕಡ್ಡಿಯಲ್ಲಿ ಉದ್ದಕ್ಕೂ ತೋಡಿನಂಥ ಗೀರು ಇರುತ್ತದೆ. ಅದರ ತುದಿಯನ್ನು ಮೆಟ್ಟಿಲ ಕಲ್ಲಿಗೆ ತಿಕ್ಕಿ ಹರಿತ ಮಾಡಿದರೆ ರಬ್ಬರನ್ನು ತೆಳ್ಳಗೆ ದಾರದ ಹಾಗೆ ಎತ್ತುತ್ತದೆ. ಇದನ್ನು ಕಲಿಸಿದ್ದು ಅವರ ಗಂಡ. ಪ್ಯಾಡಿಗೆ ಇಂಕಿನ ಜೊತೆ ಎರಡು ಹನಿ ಗ್ಲಿಸರಿನ್ ಬಿಡುತ್ತಿದ್ದರು, ಒಣಗದಿರಲೆಂದು. ಆದರೆ ಮದರಾಸಿನ ನವೆಂಬರ್ ಮಳೆಯಲ್ಲಿ ಒಣಗಿಸುವುದೇ ಕಷ್ಟ. ಕಾರ್ಡುಗಳನ್ನು ನಮ್ಮ ನಡುಮನೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ, ಫ್ಯಾನಿನ ಕೆಳಗೆ ತೂಗಿಬಿಡುತ್ತಿದ್ದೆವು. ನಮ್ಮವರು ಬ್ಯಾಂಕಿನಿಂದ ಬಂದವರು ಬಗ್ಗಿಕೊಂಡು ಒಳಗೆ ಬರಬೇಕಾಗುತ್ತಿತ್ತು.

ನಾನು ಮೊದಲ ಸಲ ಸೀಲು ಒತ್ತಿದಾಗ ಕುಟ್ಟಿದೆ. ಚಿತ್ರ ಎರಡೆರಡಾಗಿ ಬಿತ್ತು. "ರೊಟ್ಟಿ ಬಡದಂಗ ಬಡೀಬ್ಯಾಡ್ರಿ. ಕೂಸು ತಟ್ಟಿ ಮಲಗಿಸ್ತೀರಲ್ಲ, ಹಂಗ ಒತ್ರಿ," ಎಂದು ನನ್ನ ಕೈಯ ಮೇಲೆ ಕೈ ಇಟ್ಟು ತೋರಿಸಿದರು. ಅವರ ಕೈ ತಣ್ಣಗಿತ್ತು. ಟೈಪು ಹೊಡೆದು ಹೊಡೆದು ಬೆರಳ ತುದಿಗಳು ಗಟ್ಟಿಯಾಗಿದ್ದವು.

ಅಂಗಡಿಯ ಕ್ರಿಸ್‌ಮಸ್ ಕಾರ್ಡುಗಳಲ್ಲಿ ಹಿಮ ಇರುತ್ತದೆ, ಚೂಪು ಮರ ಇರುತ್ತದೆ. ಅವರ ಕಾರ್ಡಿನಲ್ಲಿ ಅದಾವುದೂ ಇರುತ್ತಿರಲಿಲ್ಲ. ಒಂದು ಗೋದಲಿ, ಅದರಲ್ಲಿ ಮಗು, ಮೇಲೆ ನಕ್ಷತ್ರ, ಪಕ್ಕದಲ್ಲಿ ಉದ್ದ ಕೊಂಬಿನ ಎತ್ತು. ಎತ್ತಿನ ಕೊರಳಿಗೆ ಗೆಜ್ಜೆ ಸರ, ಹಣೆಗೆ ಗೊಂಡೆ.

ನಮ್ಮವರು ಒಂದು ಸಲ ಛೇಡಿಸಿದರು. "ಏನಕ್ಕಾ, ನಿಮ್ಮ ಕಾರ್ಡಲ್ಲಿ ನಮ್ಮ ಬಸವಣ್ಣನ್ನ ತಂದು ಕಟ್ಟಿದೀರಲ್ಲ?"

"ಗೋದಲಿ ಅಂದ ಮ್ಯಾಲೆ ಎತ್ತು ಬ್ಯಾಡೇನ್ರಿ ಸಾಹೇಬ್ರ? ಬರೇ ಗೋದಲಿ ಕೊಟ್ರ ನಮ್ಮವ್ವ ಕೇಳ್ತಾಳ, ಎತ್ತು ಎಲ್ಲಿ ಮಾರಿದ್ರಿ ಅಂತ."

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಕಾರ್ಡು. ಬೇರೆಯವರಿಗೆಲ್ಲ ಅಂಗೈಯಷ್ಟು ಮಾಡಿದರೆ ತವರಿನದು ಮಾತ್ರ ದೊಡ್ಡದು, ಬಿಡಿಸಿದರೆ ಒಳಗಿನ ಎರಡೂ ಪುಟಕ್ಕೆ ಚಿತ್ರ. ಅದರ ಒಂದು ಮೂಲೆಗೆ ಪ್ರತಿ ವರ್ಷ ಒಂದು ಹೊಸ ಸೀಲು. ಆ ವರ್ಷದ ಸಮಾಚಾರ ಅದು. ಗ್ಯಾಸ್ ಕನೆಕ್ಷನ್ ಬಂದ ವರ್ಷ, ಉಡುಗೊರೆ ತರುವ ಮೂರು ಜ್ಞಾನಿಗಳಲ್ಲಿ ಒಬ್ಬ ಸಿಲಿಂಡರ್ ಹೊತ್ತಿದ್ದ. ಕನ್ನಡಕ ಬಂದ ವರ್ಷ ಕುರುಬನೊಬ್ಬನಿಗೆ ಕನ್ನಡಕ ಬಂತು. ನಾವು ಎದುರು ಮನೆಗೆ ಬಂದ ವರ್ಷ ಮೇಜಿನ ಎರಡು ಪಕ್ಕ ಇಬ್ಬರು ಹೆಂಗಸರು ಕೂತಿದ್ದರು, ಒಬ್ಬಳ ಬಾಯಿ ತೆರೆದಿತ್ತು. "ಇದ್ಯಾರಕ್ಕ ಬಾಯಿ ಬಿಟ್ಕೊಂಡಿರೋದು?" ಅಂದೆ. "ನಾ ಅಲ್ಲ," ಅಂದರು.

ಹಬ್ಬದ ದಿನ ಅವರು ನಮ್ಮ ಮೆಟ್ಟಿಲಿನ ಎಲ್ಲ ಮನೆಗಳಿಗೂ ಕಲ್ಕಲ್ ಎಂಬ ಕರಿದ ಸಿಹಿ, ಅಚ್ಚು ಮುರುಕ್ಕು, ಒಂದು ತುಂಡು ಕೇಕು ಇಟ್ಟ ಪೊಟ್ಟಣ ಕೊಡುತ್ತಿದ್ದರು. ಪೊಟ್ಟಣಕ್ಕೆ ಕೆಂಪು ದಾರದಲ್ಲಿ ಒಂದು ಟ್ಯಾಗ್ ಕಟ್ಟಿರುತ್ತಿದ್ದರು. ಟ್ಯಾಗಿನ ಹಿಂದೆ ಮನೆಯವರ ಹೆಸರು, ಮುಂದೆ ಚಿತ್ರದ ಒಂದು ತುಣುಕು. ಒಂದು ಮನೆಗೆ ಎತ್ತಿನ ಕೊಂಬು ಹೋದರೆ ಇನ್ನೊಂದಕ್ಕೆ ಬಾಲ. ಮಕ್ಕಳು ತಿಂಡಿ ತಿಂದು ಟ್ಯಾಗ್‌ಗಳನ್ನು ಮೆಟ್ಟಿಲ ಮೇಲೆ ಜೋಡಿಸಿ ಚಿತ್ರ ಮಾಡುತ್ತಿದ್ದರು. ಆಗ ಚಿಕ್ಕವಳಾಗಿದ್ದ ನನ್ನ ಮಗಳು, ನಮಗೆ ಮಗುವಿನ ಕಾಲು ಮಾತ್ರ ಬಂತು ಎಂದು ಒಂದು ವರ್ಷ ಅತ್ತಿದ್ದಳು. ಇದೂ ಅಕ್ಕನ ಒಂದು ಆಟ ಎಂದು ನಾನು ತಿಳಿದಿದ್ದೆ.

ಒಂದು ಜನವರಿ ಅವರು ಆಫೀಸಿಗೆ ಹೋಗಿದ್ದಾಗ ಪೋಸ್ಟ್‌ಮನ್ ಅವರ ಲಕೋಟೆಯನ್ನು ನನ್ನ ಕೈಗೆ ಕೊಟ್ಟ. "ರಿಟರ್ನ್ ವಂದಿರುಕ್ಕು ಮಾ. ವರುಷಾ ವರುಷಂ ಇಪ್ಪಡಿ ದಾನ್. ವೇಂಡಾಂನು ಸೊಲ್ಲಿಡ್ರಾಂಗೊ," ಅಂದ. ಪ್ರತಿ ವರ್ಷವೂ ಹೀಗೆಯೇ, ಆ ಮನೆಯವರು ಬೇಡವೆಂದು ತಿರುಗಿಸುತ್ತಾರೆ. ಲಕೋಟೆ ಒಡೆದಿರಲಿಲ್ಲ.

ಸಂಜೆ ಅವರು ಬಂದ ಕೂಡಲೇ ಅದನ್ನು ಹಿಡಿದು ಬಾಗಿಲಿಗೆ ಬಂದೆ. ಅವರು ಚಪ್ಪಲಿ ಬಿಡುತ್ತ ಕೈ ಚಾಚಿದರು.

"ಬಂತೇನು? ಕೊಡ್ರಿ. ಮುಂದಿನ ವರ್ಷದ ಟ್ಯಾಗ್ ಬಂದ್ವು."

ಆಗ ನನಗೆ ತಿಳಿಯಿತು. ಅವ್ವ ತೆಗೆದುಕೊಳ್ಳದ ಕಾರ್ಡನ್ನೇ ಕತ್ತರಿಸಿ, ಆಫೀಸಿನ ಪಂಚಿನಲ್ಲಿ ತೂತು ಹಾಕಿ, ನಮಗೆಲ್ಲ ಹಂಚುತ್ತಿದ್ದರು. "ಚಲೋ ಕಾಗದ, ಕೆಡಸೂದ್ಯಾಕ?" ಅಂದರು. ನಾನು ಒಳಗೆ ಹೋಗಿ ಮಗಳ ಪೆಟ್ಟಿಗೆಯಲ್ಲಿದ್ದ ಹಳೆಯ ಟ್ಯಾಗ್‌ಗಳನ್ನು ತೆಗೆದು ನೋಡಿದೆ.

"ಬಾಗಲದಾಗ ಟಪಾಲು ತೊಗೊಳ್ಳಾಕಿ ಅವ್ವನ," ಎಂದು ಬೇರೊಂದು ದಿನ ಹೇಳಿದರು. "ಅಣ್ಣಗೋಳು ಅಂಗಡ್ಯಾಗ ಇರ್ತಾರ. ಮದರಾಸಿನ ಲಕೋಟಿ ಅಂತ ಟಪಾಲಿನಾಂವ ಅಕಿಗೆ ಹೇಳ್ತಾನ. ಬ್ಯಾಡ ಅಂತಾಳ. ಅಷ್ಟ." ಅವ್ವ ಒಂದು ಸಲ ತೆಗೆದುಕೊಂಡು ನೋಡಲಿ ಎಂಬುದೊಂದೇ ಅವರಿಗೆ ಬೇಕಾಗಿದ್ದದ್ದು. ಉತ್ತರ ಬೇಕೆಂದು ಅವರು ಎಂದೂ ಹೇಳಲಿಲ್ಲ.

ಅದಾದ ಮೇಲಿನ ಒಂದು ವರ್ಷ ನನ್ನ ನಾದಿನಿಯ ಮದುವೆ ಗೊತ್ತಾಯಿತು. ಧನುರ್ಮಾಸ ಹಿಡಿಯುವುದರೊಳಗೆ ಆಗಬೇಕೆಂದು ಅವಸರ. ನವೆಂಬರ್ ಕೊನೆಯಲ್ಲಿ ಲಗ್ನಪತ್ರಿಕೆಗಳು ಅಚ್ಚಾಗಿ ಬಂದು ಅದೇ ಮೇಜಿನ ಮೇಲೆ ಬಿದ್ದವು. ಒಂದು ಕಡೆ ಪತ್ರಿಕೆಗಳ ಕಟ್ಟು, ಇನ್ನೊಂದು ಕಡೆ ಅಕ್ಕನ ಕ್ರಿಸ್‌ಮಸ್ ಲಕೋಟೆಗಳು. ಮಧ್ಯಾಹ್ನ ನಾನು ಅರಿಸಿನ ಕಲಸಿಕೊಂಡು ಕೂತು, ತಲೆಯಲ್ಲಿ ಮದುವೆಯ ಅಡುಗೆಯ ಯೋಚನೆ ಮಾಡುತ್ತ, ಮೂಲೆಗೆ ಹಚ್ಚುತ್ತ ಹೋದೆ. ಪತ್ರಿಕೆ ಮುಗಿದದ್ದು ನನಗೆ ಗೊತ್ತಾಗಲಿಲ್ಲ. ಕೈ ಮುಂದಿನ ಕಟ್ಟಿಗೆ ಹೋಯಿತು. ಅಕ್ಕ ಬಂದು ನೋಡುವಾಗ ಪಾಸ್ಟರಿಗೆ, ಆಫೀಸಿನವರಿಗೆ, ತವರಿಗೆ, ಎಲ್ಲ ಲಕೋಟೆಯ ಮೂಲೆಯೂ ಹಳದಿಯಾಗಿತ್ತು.

"ಅಯ್ಯೋ ಅಕ್ಕ, ಕೈ ಹೋಗ್ಬಿಡ್ತು! ಬೇರೆ ಲಕೋಟೆ ಮಾಡ್ಕೊಡ್ತೀನಿ."

ಅವರು ಒಂದೊಂದನ್ನೇ ತಿರುಗಿಸಿ ನೋಡಿ, ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಇರ್ಲಿ ಬಿಡ್ರಿ. ಈ ವಯಸ್ಸಿನ್ಯಾಗ ಯಾರನ್ನ ಮದುವಿ ಆಗಾಕತ್ತಿ ಅಂತ ನಮ್ಮ ಪಾಸ್ಟರ್ ಕೇಳ್ಲಿ." ಪಾಸ್ಟರು ನಿಜವಾಗಿಯೂ ಕೇಳಿದರಂತೆ.

ಆ ಜನವರಿ ಲಕೋಟೆ ವಾಪಸು ಬರಲಿಲ್ಲ. ಪೊಂಗಲ್ ಕಳೆಯಿತು. ಅಕ್ಕ ಶನಿವಾರ ಅರ್ಧ ದಿನ ಮುಗಿಸಿ ಬಂದವರು ಪೋಸ್ಟ್‌ಮನ್ ಬರುವ ತನಕ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಶಿವರಾತ್ರಿ ಹತ್ತಿರ ಬಂದಾಗ ಒಂದು ಸಂಜೆ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅರಿಷಿಣ ಹಚ್ಚಿದ್ದನ್ನ ಅವ್ವ ತಿರಗಿ ಕಳಸಂಗಿಲ್ರೀ. ಹೊಸ್ತಿಲಕ್ಕ ಬಂದ ಅರಿಷಿಣ ಹಿಂದಕ್ಕ ಹೋಗಬಾರದು ಅಂತಾಳ. ತೊಗೊಂಡಾಳ." ಅಷ್ಟು ಹೇಳಿ ಹೋದರು.

ಆ ಡಿಸೆಂಬರಿನಲ್ಲಿ ಟ್ಯಾಗ್‌ಗೆ ಕಾಗದ ಇರಲಿಲ್ಲ. ಹೊಸ ರಟ್ಟು ತಂದು, ಬರಿಯ ಒಂದು ನಕ್ಷತ್ರ ಒತ್ತಿ ಕಟ್ಟಿದರು. ಮಕ್ಕಳಿಗೆ ಅದು ಹಿಡಿಸಲಿಲ್ಲ. ಎಲ್ಲರಿಗೂ ಒಂದೇ ಥರ ಬಂದಿದೆ, ಜೋಡಿಸಲು ಏನೂ ಇಲ್ಲ ಎಂದು ದೂರಿದರು. ಅಕ್ಕ ಅವರಿಗೆ ಇನ್ನೊಂದೊಂದು ಕಲ್ಕಲ್ ಕೊಟ್ಟರು. ಅಷ್ಟು ಸಂತೋಷವಾಗಿ ಅವರು ಹಬ್ಬ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆದರೆ ಅದೇ ವರ್ಷ ಲಕೋಟೆ ಕಳಿಸುವ ಮುಂಚೆ ಅವರು ತುಂಬ ಹಿಂದೆಮುಂದೆ ನೋಡಿದರು. ಹೋದ ಸಲ ಆದದ್ದು ಕೈತಪ್ಪು. ಈ ಸಲ ಬೇಕೆಂದೇ ಹಚ್ಚಬೇಕು.

"ಮೋಸ ಅಲ್ಲೇನ್ರಿ ಇದು? ಶುಭ ಸಮಾಚಾರ ಅಂತ ತಿಳಕೊಂಡು ತೊಗೋತಾಳ."

"ಮಗು ಹುಟ್ಟಿದ ಸುದ್ದಿ ತಾನೇ ಅಕ್ಕ ಒಳಗಿರೋದು? ಅದು ಶುಭ ಅಲ್ದೆ ಮತ್ತೇನು?"

ಅವರು ಲಕೋಟೆಯನ್ನು ನನ್ನ ಕಡೆ ಸರಿಸಿದರು. "ನೀವ ಹಚ್ರಿ. ನಾ ಗಂಡ ಸತ್ತಾಕಿ. ನಾ ಹಚ್ಚೀನಂದ್ರ ಅವ್ವ ಒಪ್ಪಂಗಿಲ್ಲ."

ಅವತ್ತಿನಿಂದ ಅದು ನನ್ನ ಪಾಲಿನ ಕೆಲಸವಾಯಿತು. ಆಮೇಲೆ ಒಂದು ಲಕೋಟೆಯೂ ಹಿಂದಿರುಗಲಿಲ್ಲ. ಉತ್ತರವೂ ಬರಲಿಲ್ಲ. ಅವ್ವ ಒಡೆದು ನೋಡಿದರೋ, ಎಲ್ಲಿಟ್ಟರೋ ನಮಗೆ ಗೊತ್ತಿಲ್ಲ. ಅಕ್ಕ ಆ ಬಗ್ಗೆ ಊಹೆ ಮಾಡುತ್ತಿರಲಿಲ್ಲ. ನಾನು ಏನಾದರೂ ಊಹಿಸಿ ಹೇಳಿದರೆ, "ತೊಗೊಂಡಾಳಲ್ಲ, ಸಾಕು," ಎಂದು ಮಾತು ಮುಗಿಸುತ್ತಿದ್ದರು.

ರೈಲಿನ ವಿಷಯ ಅವರು ನನಗೆ ಹೇಳಿದ್ದು ಆ ಕೊನೆಯ ವರ್ಷದ ದಸರೆಯಲ್ಲಿ. ಮುಂದಿನ ಬೇಸಿಗೆಗೆ ನಿವೃತ್ತಿ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಊರಿಗೆ ಹೋಗುತ್ತೇನೆ ಎಂದರು.

"ಹೋಗಿ ಬಾಗಲದಾಗ ನಿಂದರ್ತೀನಿ. ಒಳಗ ಕರದ್ರ ಹೋಗ್ತೀನಿ. ಇಲ್ಲಾಂದ್ರ ವಾಪಸ್ ಗಾಡಿ ಇದ್ದ ಐತಿ."

"ಮುಖಕ್ಕೆ ಅರಿಸಿನ ಹಚ್ಕೊಂಡು ಹೋಗಿ ಅಕ್ಕ, ವಾಪಸ್ ಕಳ್ಸಲ್ಲ," ಅಂದೆ.

"ಏ, ನಿಮ್ಮ!" ಎಂದು ನನ್ನ ಬೆನ್ನಿಗೆ ಗುದ್ದಿದರು. ಆದರೂ ಮುಂಚಿತವಾಗಿ ತಿಳಿಸದೆ ಹೋಗಬಾರದು, ಅವ್ವನಿಗೆ ವಯಸ್ಸಾಗಿದೆ, ಗಾಬರಿಯಾಗಬಾರದು ಎಂದು ಆ ವರ್ಷದ ಮೂಲೆಗೆ ರೈಲುಗಾಡಿ ಕೊರೆಯುವುದೆಂದು ತೀರ್ಮಾನಿಸಿದರು.

ಅವರು ಹೋದ ದಿನ ಪಾಸ್ಟರು ಊರಿನಲ್ಲಿದ್ದ ಅಕ್ಕನ ಅಣ್ಣನ ಅಂಗಡಿಯ ವಿಳಾಸಕ್ಕೆ ತಂತಿ ಕೊಟ್ಟರು. ಯಾರೂ ಬರಲಿಲ್ಲ, ಮಾರುತ್ತರವೂ ಇಲ್ಲ. ಮಣ್ಣು ಮಾಡುವಾಗ ಮಳೆ ಬರುತ್ತಿತ್ತು. ಆಫೀಸಿನವರು, ಚರ್ಚಿನವರು, ನಮ್ಮ ಮೆಟ್ಟಿಲಿನವರು ಇದ್ದೆವು. ಮನೆಯ ಸಾಮಾನನ್ನು ಚರ್ಚಿಗೆ ಕೊಟ್ಟಾಯಿತು. ಸೀಲುಗಳ ಬಿಸ್ಕತ್ತಿನ ಡಬ್ಬ ನನ್ನ ಬಳಿ ಉಳಿಯಿತು.

ಲಕೋಟೆ ರೇಡಿಯೋ ಮೇಲೆಯೇ ಇತ್ತು. ಕೆಲವು ದಿನ ನಾನು ಅದನ್ನು ಮುಟ್ಟಲಿಲ್ಲ. ಆಮೇಲೆ ಅದನ್ನು ಬಿಚ್ಚಿ ಕೂತೆ. ಓದು ಬಾರದ ಅವ್ವನಿಗೆ ಈ ಸುದ್ದಿಯನ್ನು ತಿಳಿಸಲು ಯಾವ ಚಿತ್ರ ಕೊರೆಯಬೇಕೆಂದು ನನಗೆ ತಿಳಿಯಲಿಲ್ಲ. ಅಕ್ಕ ಇದ್ದಿದ್ದರೆ ಏನು ಕೊರೆಯುತ್ತಿದ್ದರೋ. ಕೊನೆಗೆ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು, ಯಾರಾದರೂ ಓದಿ ಹೇಳಲಿ ಎಂದು ಕಾರ್ಡಿನೊಳಗೆ ಇಟ್ಟು ಮತ್ತೆ ಅಂಟಿಸಿದೆ.

"ಅರಿಸಿನ ಹಚ್ಚಿ ಕಳಿಸು, ಆಗ ತಗೊಳ್ತಾರೆ," ಎಂದರು ನಮ್ಮವರು.

"ಸಾವಿನ ಸುದ್ದಿಗೆ ಅರಿಸಿನ ಹಚ್ಚೋದಾ?"

"ಹಚ್ಚದೆ ಹೋದ್ರೆ ಮುಟ್ಟೋದು ಹೇಗೆ?"

ಬಟ್ಟಲು ತಂದು ಮುಂದಿಟ್ಟುಕೊಂಡೆ. ಬೆರಳು ಅದ್ದಲು ಆಗಲಿಲ್ಲ. ಆ ತಾಯಿ ಹಳದಿ ಕಂಡು ಸಂತೋಷದಿಂದ ಕೈ ಚಾಚುತ್ತಾರೆ, ಒಡೆದರೆ ರೈಲು ಬರುತ್ತಿರುವ ಚಿತ್ರ, ಅದರ ಜೊತೆಗೆ ನನ್ನ ಚೀಟಿ. ಹಾಗೆ ಮಾಡುವುದು ನನ್ನ ಕೈಲಾಗಲಿಲ್ಲ. ಹಚ್ಚದೆಯೇ ಅಂಚೆಗೆ ಹಾಕಿ ಬಂದೆ.

ಜನವರಿಯಲ್ಲಿ ಪೋಸ್ಟ್‌ಮನ್ ಅದನ್ನು ತಂದು ನನ್ನ ಕೈಗೆ ಕೊಟ್ಟ. ಒಡೆದಿರಲಿಲ್ಲ. ಅಣ್ಣ ತಂತಿಯ ವಿಷಯ ತಾಯಿಗೆ ಹೇಳಿದ್ದರೆ, ಮದರಾಸಿನಿಂದ ಬಂದ ಆ ಲಕೋಟೆಯನ್ನು ಅವ್ವ ಹಿಂದಕ್ಕೆ ಕಳಿಸುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಹೇಳಿಲ್ಲ. ನಾನೇ ಹೋಗಿ ಬರೋಣವೆಂದು ನಮ್ಮವರನ್ನು ಕೇಳಿದ್ದೇನೆ. ಮಗಳ ಪರೀಕ್ಷೆ ಮುಗಿಯಲಿ ಎಂದಿದ್ದಾರೆ.

ಅದನ್ನು ಕತ್ತರಿಸಿ ಟ್ಯಾಗ್ ಮಾಡಲಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ, ಸೀಲುಗಳ ಮೇಲೆ ಇಟ್ಟಿದ್ದೇನೆ. ಈಗ ಏಪ್ರಿಲ್. ಅವರು ನಿವೃತ್ತಿಯಾಗಿ ಗಾಡಿ ಹತ್ತಬೇಕಾಗಿದ್ದ ತಿಂಗಳು ಹತ್ತಿರವಾಗಿದೆ. ಅವರು ತೀರಿಕೊಂಡ ಸುದ್ದಿ ಅವರ ಅವ್ವನಿಗೆ ಇನ್ನೂ ಮುಟ್ಟಿಲ್ಲ.